ಎಡಗಡೆಯಲ್ಲೇ ನಿಲ್ಲುವ ಹುಡುಗ

ಡುಬ್ಯೂಕ್, ಅಯೋವಾ
1984 ಅಕ್ಟೋಬರ್ 7

ಪೌಲಾ,

ಫೋನ್ ಮಾಡಬೇಡ ಎಂದಿದ್ದೀಯ, ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲ್ ಕಾರಿಡಾರಿನಲ್ಲಿ ನಿಂತು, ಫೋನಿಗಾಗಿ ಕಾಯುತ್ತಿರುವ ಹುಡುಗಿಯರೆಲ್ಲರ ಎದುರು ಅಪ್ಪನ ಜೊತೆ ಜಗಳವಾಡುವುದು ಯಾರಿಗೆ ಬೇಕು, ಒಪ್ಪಿದೆ.

ಈ ವಾರ ಅಯೋವಾ, ಮುಂದಿನ ವಾರ ಕಾನ್ಸಾಸ್. ಮೋಟೆಲಿನ ಹೀಟರ್ ಕೆಟ್ಟಿದೆ, ಕೋಟು ತೊಟ್ಟುಕೊಂಡೇ ಹಾಸಿಗೆಯ ಮೇಲೆ ಕೂತಿದ್ದೇನೆ. ಕೆಳಗೆ ಊಟ ಬಡಿಸುವ ಹೆಂಗಸು, "ಏನ್ ಸಾರ್, ಇವತ್ತೂ ಒಬ್ರೇನಾ?" ಎಂದು ಕೇಳಿದಳು. "ಇನ್ನೊಬ್ರು ಕಾರು ನಿಲ್ಸಿ ಬರ್ತಿದಾರೆ" ಎಂದೆ. ಪಾಪ, ಅವಳು ಎರಡನೇ ತಟ್ಟೆ ತಂದಿಟ್ಟಳು. ಅದನ್ನೂ ನಾನೇ ತಿಂದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ತಂಡಕ್ಕೆ ಒಬ್ಬ ರಿಸೀವರ್ ಬೇಕೇ ಬೇಕು. ನೀನು ಈ ಮೂರು ವರ್ಷದಲ್ಲಿ ಫುಟ್‌ಬಾಲ್ ಮರೆತಿದ್ದರೆ ಹೇಳುತ್ತೇನೆ: ಮೈದಾನದ ಅಂಚಿನಲ್ಲಿ ನಿಂತಿದ್ದು, ಓಡಿ, ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಕೈಯಲ್ಲಿ ಹಿಡಿಯುವವನು. ಈಗಿರುವವರು ಹಿಡಿದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಕಟಿಂಗ್ ಶಾಪಿನವನು ಕೂಡ ಕತ್ತರಿ ಹಿಡಿದುಕೊಂಡು ನನಗೆ ಬೈಯುತ್ತಾನೆ. ಏಪ್ರಿಲ್ ಕೊನೆಗೆ ಡ್ರಾಫ್ಟ್. ಸರದಿಯ ಪ್ರಕಾರ ತಂಡಗಳೆಲ್ಲ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ. ನಮ್ಮ ಮುಂದಿರುವುದು ಎರಡು ಹೆಸರು. ಒಂದು, ಟೆಕ್ಸಾಸಿನ ಲೈಲ್ ಬೋಡೆನ್. ಓಡಿದರೆ ಕುದುರೆ. ನಮ್ಮ ಮುಖ್ಯಸ್ಥ ಗಸ್ ಲಂಡಿ ಅವನ ಹೆಸರು ಕೇಳಿದರೇ ಬಾಯಿ ಬಿಡುತ್ತಾನೆ. ಇನ್ನೊಂದು, ನಿಮ್ಮ ಕಾಲೇಜಿನ ರೂಫಸ್ ಮೇಬ್ರಿ. ಓಟ ಅಷ್ಟಕ್ಕಷ್ಟೇ. ಆದರೆ ಅವನ ಕೈ! ನನಗೆ ಬೇಕಾದವನು ಅವನು.

ತಂಡಕ್ಕೆ ಆಟಗಾರರನ್ನು ಹುಡುಕುವ ನಮ್ಮಂಥ ಸ್ಕೌಟುಗಳು ಹುಡುಗನ ಆಟ ನೋಡಿದರೆ ಸಾಲದು, ಅವನ ನಡತೆಯನ್ನೂ ವಿಚಾರಿಸಬೇಕು. ಪಾದ್ರಿಯನ್ನು ಕೇಳುತ್ತೇವೆ, ಬಟ್ಟೆ ಒಗೆಯುವವರನ್ನು ಕೇಳುತ್ತೇವೆ. ನೀನು ಅಲ್ಲೇ ಇದ್ದೀಯ. ಅವನು ತರಗತಿಗೆ ಬರುತ್ತಾನಾ? ಕುಡಿಯುತ್ತಾನಾ? ಯಾರ ಜೊತೆ ತಿರುಗುತ್ತಾನೆ?

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ.

ನಿನ್ನ ಅಪ್ಪ,
ಎಮಿಲ್


ಮೆರಿಡನ್, ಇಲಿನಾಯ್
1984 ಅಕ್ಟೋಬರ್ 16

ಅಪ್ಪ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿದೆ. ಹಾಸಿಗೆಯ ಮೇಲೆ ಕೂತು, ಬಾಗಿಲು ಹಾಕಿಕೊಂಡು ಒಡೆದೆ. ನೋಡಿದರೆ ಒಬ್ಬ ಹುಡುಗನ ಕೈಕಾಲಿನ ಸುದ್ದಿ. ನನ್ನ ಬಗ್ಗೆ ಒಂದು ಸಾಲು, ಅದೂ ಪ್ರಶ್ನೆಯಲ್ಲ. ಚೆನ್ನಾಗಿದ್ದೀಯ ಎಂದು ನೀನೇ ಅಂದುಕೊಂಡು ಮುಗಿಸಿದ್ದೀಯ.

ಅಮ್ಮನ ಮಣ್ಣಿನ ದಿನ ಚರ್ಚಿನ ಹೊರಗೆ, ಕಾರುಗಳ ನಡುವೆ ನಿಂತು, ನೀನು ಯಾವನೋ ಕೋಚ್ ಹತ್ತಿರ ಯಾವನೋ ಹುಡುಗನ ಮಂಡಿಯ ಬಗ್ಗೆ ಮಾತಾಡುತ್ತಿದ್ದೆ. ಒಳಗೆ ಬಾ ಎಂದು ನಾನು ಕರೆದೆ. ನೀನು ಕೈ ಎತ್ತಿ 'ಒಂದು ನಿಮಿಷ' ಎಂದೆ. ನನ್ನ ಮಾತು ನೀನು ಯಾವತ್ತು ಕೇಳಿದ್ದೀಯ ಹೇಳು.

ರೂಫಸ್ ನನಗೆ ಗೊತ್ತು. ಆಟಗಾರರಿಗೆ ಗಣಿತ ಹೇಳಿಕೊಡುವುದು ಇಲ್ಲಿ ನನ್ನ ಕೆಲಸ, ವಾರಕ್ಕೆರಡು ಸಲ ಬಂದು ನನ್ನ ತಲೆ ತಿನ್ನುತ್ತಾನೆ. ಅಷ್ಟಕ್ಕಿಂತ ಒಂದಕ್ಷರ ಹೇಳುವುದಿಲ್ಲ. ನಾನೇನು ನಿನ್ನ ಬಟ್ಟೆ ಒಗೆಯುವವಳಲ್ಲ.

ಕೇಳಿದ್ದೀಯ ಎಂದು ನನ್ನ ಅಭಿಪ್ರಾಯ ಹೇಳುತ್ತೇನೆ: ಬೋಡೆನ್‌ನನ್ನು ತೆಗೆದುಕೊಳ್ಳಿ. ಕುದುರೆಯಂತೆ ಓಡುವವನು ಮೈದಾನದಲ್ಲಿದ್ದರೆ ಎದುರಾಳಿಗಳಲ್ಲಿ ಇಬ್ಬರು ಅವನ ಹಿಂದೆಯೇ ಹೋಗಬೇಕು. ಅವನು ಚೆಂಡು ಮುಟ್ಟದಿದ್ದರೂ ಉಳಿದವರಿಗೆ ಜಾಗ ಸಿಗುತ್ತದೆ. ಇದು ಗಸ್‌ಗೂ ಗೊತ್ತು, ನನಗೂ ಗೊತ್ತು, ನಿನಗೊಬ್ಬನಿಗೆ ಗೊತ್ತಿಲ್ಲ.

ಪೌಲಾ


ಲಾರೆನ್ಸ್, ಕಾನ್ಸಾಸ್
1984 ನವೆಂಬರ್ 2

ಪೌಲಾ,

ಅಂತೂ ನೀನು ಆಟ ಮರೆತಿಲ್ಲ! ಕಾಗದವನ್ನು ಎರಡು ಸಲ ಓದಿದೆ. ಮೊದಲ ಅರ್ಧವನ್ನು ಹೆಚ್ಚು ಸಲ ಓದಿದೆ. ಎರಡನೇ ಅರ್ಧಕ್ಕೆ ಉತ್ತರ ಬರೆಯುತ್ತೇನೆ.

ಬೋಡೆನ್ ಓಡುತ್ತಾನೆ, ಯಾರು ಇಲ್ಲ ಎಂದರು? ಟೆಕ್ಸಾಸಿನ ಬಿಸಿಲಲ್ಲಿ ಒಣಗಿದ ಚೆಂಡು ಹಿಡಿಯುತ್ತಾನೆ. ನಮ್ಮೂರಿನ ಡಿಸೆಂಬರಿನಲ್ಲಿ, ಸರೋವರದ ಮೇಲಿನಿಂದ ಗಾಳಿ ಬೀಸುವಾಗ, ಚೆಂಡು ಹೆಪ್ಪುಗಟ್ಟಿದ ಮಾಂಸದ ಮುದ್ದೆಯಾಗಿರುತ್ತದೆ. ಆಗ ನೋಡಬೇಕು ನಿನ್ನ ಕುದುರೆಯನ್ನು. ಹೋದ ವಾರ ಅವನ ಆಟ ನೋಡಿ ಬಂದೆ. ಸ್ವಲ್ಪ ಮಳೆ ಹನಿಯಿತು, ಮೂರು ಚೆಂಡು ಕೆಡವಿದ. ಕೆಡವಿದ ಮೇಲೆ ಎಸೆದವನ ಕಡೆ ತಿರುಗಿ ಮುಖ ಗಂಟು ಹಾಕಿಕೊಂಡ. ನನಗೆ ಅದೇ ಸಾಕಾಯಿತು.

ಗಸ್‌ಗೆ ಫೋನಿನಲ್ಲಿ ಹೇಳಿದೆ. "ಎಮಿಲ್, ನೀನು ನಿಧಾನದ ಹುಡುಗ್ರನ್ನೇ ಇಷ್ಟಪಡೋದು ಯಾಕಂದ್ರೆ ನಿನ್ನ ಕಾರು ಅಷ್ಟು ಸ್ಪೀಡೇ ಹೋಗೋದು" ಎಂದು ನಕ್ಕ. ಕತ್ತೆ.

ನಿನಗೆ ರೂಫಸ್ ಬೇಡ ಎನ್ನಿಸುವುದು ಆಟದ ಕಾರಣಕ್ಕಲ್ಲ ಎಂದು ನನ್ನ ಅನುಮಾನ. ಏನು ಅಂತ ಹೇಳಬೇಕಾಗಿಲ್ಲ.

ಚಳಿ ಬಂತು. ಒಳ್ಳೆ ಬೂಟು ಇದೆಯಾ ನಿನಗೆ? (ಇದು ಪ್ರಶ್ನೆ.)

ಅಪ್ಪ


ಮೆರಿಡನ್
1984 ನವೆಂಬರ್ 19

ಅಪ್ಪ,

ಬೂಟು ಇದೆ.

ನೀನು ಅನುಮಾನಪಟ್ಟದ್ದು ನಿಜ. ರೂಫಸ್ ಒಳ್ಳೆಯವನು. ಊರಿಗೆ ಹೋಗಿ ಮಕ್ಕಳಿಗೆ ಮೇಷ್ಟ್ರಾಗುತ್ತೇನೆ ಎನ್ನುತ್ತಿದ್ದವನು. ನಿಮ್ಮವರ ಕೈಗೆ ಸಿಕ್ಕರೆ ನಾಲ್ಕು ವರ್ಷ ಹಿಂಡಿ, ಮಂಡಿ ಹೋದ ಮೇಲೆ ಮೋಟೆಲಿನಲ್ಲಿ ಬಿಡುತ್ತೀರಿ. ಬೋಡೆನ್ ನನಗೆ ಯಾರೂ ಅಲ್ಲ, ಅವನನ್ನು ಹಿಂಡಿಕೊಳ್ಳಿ.

ಆದರೂ ಶನಿವಾರ ಹಾಳಾದ ಮಳೆಯಲ್ಲಿ ಆಟಕ್ಕೆ ಹೋದೆ. ನಿನ್ನಿಂದ ಬಂದ ಚಟ. ಕೊನೆಗೆ ರೂಫಸ್ ಒಂದು ಚೆಂಡು ಹಿಡಿದ ನೋಡು, ಮೈ ಪೂರ್ತಿ ಗೆರೆಯ ಆಚೆ, ಎರಡು ಪಾದ ಮಾತ್ರ ಒಳಗೆ. ನನ್ನ ಪಕ್ಕದ ಮುದುಕಿ ಯಾರೋ, "ಅಯ್ಯೋ ನನ್ನಪ್ಪಾ!" ಎಂದು ನನ್ನನ್ನೇ ತಬ್ಬಿಕೊಂಡಳು. ಈ ಊರಿಗೆ ಬಂದ ಮೇಲೆ ನನ್ನನ್ನು ಯಾರೂ ತಬ್ಬಿಕೊಂಡಿರಲಿಲ್ಲ. ಅವಳು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ನಿನ್ನೆ ಅಮ್ಮ ತೀರಿಕೊಂಡ ದಿನ. ನೀನು ಎಲ್ಲಿದ್ದೆ ಎಂದು ಕೇಳುವುದಿಲ್ಲ. ಭಾನುವಾರ, ಗೊತ್ತೇ ಇದೆ.

ಪೌಲಾ


ಮನೆಯಿಂದ
1984 ಡಿಸೆಂಬರ್ 17

ಪೌಲಾ,

ಆ ಭಾನುವಾರ ನಾನು ಮೈದಾನದಲ್ಲಿರಲಿಲ್ಲ. ಬಿಡು.

ಇದರೊಳಗೆ ಕ್ರಿಸ್‌ಮಸ್ ಹಿಂದಿನ ಸಂಜೆ ಮನೆಯವರು ಮುರಿದು ಹಂಚಿಕೊಂಡು ತಿನ್ನುವ, ಚರ್ಚಿನ ಹಿಟ್ಟಿನ ತೆಳುಬಿಲ್ಲೆ ಇಟ್ಟಿದ್ದೇನೆ. ಪಾದ್ರಿ ಇಬ್ಬರಿಗೆಂದು ಒಂದು ಕೊಟ್ಟರು, ಅರ್ಧ ಮುರಿದು ಇಟ್ಟುಕೊಂಡೆ. ಅಂಚೆಯಲ್ಲಿ ಪುಡಿಯಾಗಿರುತ್ತದೆ, ಆದರೂ ತಿನ್ನು. ನಿಮ್ಮಮ್ಮ ಇದನ್ನು ಪ್ರತಿ ವರ್ಷ ಅವಳ ಅಣ್ಣನಿಗೆ ಕಳಿಸುತ್ತಿದ್ದಳು. ಅವನ ಜೊತೆ ಮಾತು ಬಿಟ್ಟಿದ್ದ ವರ್ಷಗಳಲ್ಲೂ. ನೀನು ಬರುವುದಿಲ್ಲ ಎಂದು ಗೊತ್ತು, ಬಾ ಎಂದು ಒತ್ತಾಯ ಮಾಡುವುದಿಲ್ಲ. ಎಲೆಕೋಸಿನ ಪಲ್ಯ ನಾನೇ ಮಾಡಿ ನೋಡಿದೆ, ತಳ ಹಿಡಿಯಿತು.

ಬೋಡೆನ್ ಬಗ್ಗೆ ಮುಂದಿನ ಸಲ ಜಗಳವಾಡೋಣ.

ಅಪ್ಪ


ಮೆರಿಡನ್
1985 ಜನವರಿ 9

ಅಪ್ಪ,

ಬಿಲ್ಲೆ ಪುಡಿಯಾಗಿತ್ತು. ಬೆರಳು ಒದ್ದೆ ಮಾಡಿಕೊಂಡು ಲಕೋಟೆಯ ಮೂಲೆಯಿಂದ ತಿಂದೆ.

ಈಗ ನಗಬೇಡ. ನಾನು ಪಕ್ಷ ಬದಲಾಯಿಸಿದ್ದೇನೆ. ಹೊಸ ವರ್ಷದ ದಿನ ಹಾಸ್ಟೆಲಿನಲ್ಲಿ ಉಳಿದಿದ್ದವಳು ನಾನು, ಕ್ಯಾಂಪಸ್ಸಿನಲ್ಲಿ ಉಳಿದಿದ್ದವನು ರೂಫಸ್. ಅವನಿಗೆ ಊರಿಗೆ ಹೋಗಲು ಬಸ್ಸಿಗೆ ದುಡ್ಡಿರಲಿಲ್ಲ, ನನಗೆ ಹೋಗಲು ಮನಸ್ಸಿರಲಿಲ್ಲ. ಕ್ಯಾಂಟೀನಿನ ಹಳಸಲು ಕೇಕು ತಿನ್ನುತ್ತ ಕೇಳಿದೆ, "ಮೇಷ್ಟ್ರಾಗ್ತೀನಿ ಅಂತಿದ್ಯಲ್ಲ, ಖುಷಿಯಾಗಿರ್ತೀಯ?"

"ಅದು ಎಲ್ರಿಗೂ ಹೇಳೋ ಮಾತು ಪೌಲಾ" ಎಂದ. "ಆಟ ಸಿಗಲ್ಲ ಅಂತ ಮೊದ್ಲೇ ಹೇಳ್ಕೊಂಡ್ರೆ, ಸಿಗದೇ ಇದ್ದಾಗ ಮುಖ ಉಳಿಯುತ್ತೆ. ಎಂಟು ವರ್ಷದವನಿದ್ದಾಗಿಂದ ನಂಗೆ ಬೇಕಾಗಿರೋದು ಇದೊಂದೇ."

ಹೇಳುವಾಗ ಅವನು ನಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅವನ ಪರವಾಗಿ ಅವನನ್ನೇ ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದೆ. ಥೇಟ್ ನಿನ್ನ ಮಗಳು.

ಹಾಗಾಗಿ ನಿನ್ನ ಮಾತೇ ಸರಿ. ಮೇಬ್ರಿಯನ್ನು ತೆಗೆದುಕೊಳ್ಳಿ. ಗಸ್ ಲಂಡಿಗೆ ನನ್ನ ಹೆಸರು ಹೇಳಿ ಬೈ.

ಪೌಲಾ


ಮನೆಯಿಂದ
1985 ಫೆಬ್ರುವರಿ 3

ಪೌಲಾ,

ನೀನು ಪಕ್ಷ ಬದಲಾಯಿಸಿದ್ದಕ್ಕೆ ಅಂಗಡಿಗೆ ಹೋಗಿ ಒಂದು ಬಿಯರ್ ಕುಡಿದು ಬಂದೆ. ಯಾಕೆಂದು ಅಂಗಡಿಯವನು ಕೇಳಿದ, "ಮಗಳು ಮೊದಲ ಸಲ ನನ್ನ ಮಾತು ಒಪ್ಪಿದಳು" ಎಂದೆ. ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ಒಂದು ಸಂಗತಿ ಕೊರೆಯುತ್ತಿದೆ. ಗೋಡೆಯ ಮೇಲೆ ಹಾಳೆ ಅಂಟಿಸಿ, ರೂಫಸ್ ಆಟದ ರೀಲುಗಳನ್ನೆಲ್ಲ ಪ್ರೊಜೆಕ್ಟರಿಗೆ ಹಾಕಿ ನೋಡಿದೆ. ಅವನು ಯಾವಾಗಲೂ ಎಡಗಡೆಯ ಅಂಚಿನಲ್ಲೇ ನಿಲ್ಲುತ್ತಾನೆ. ಎಂದೂ ಬಲಗಡೆ ಇಲ್ಲ. ಕೋಚ್ ಕೇಳಿದರೆ, "ಅವ್ನಿಗೆ ಅಲ್ಲೇ ಅಭ್ಯಾಸ" ಎನ್ನುತ್ತಾನೆ. ಅಭ್ಯಾಸವಾದರೆ ಒಂದು ಸಲವಾದರೂ ತಪ್ಪುತ್ತದೆ. ಬಲ ಭುಜದಲ್ಲಿ ಏನಾದರೂ ನೋವು ಇದೆಯಾ? ಕಣ್ಣಾ? ನಿನಗೆ ಗೊತ್ತಿದ್ದರೆ ಹೇಳು, ನನ್ನ ವರದಿಯಲ್ಲಿ ಇದೊಂದು ಖಾಲಿ ಉಳಿದಿದೆ.

ಅಪ್ಪ


ಮೆರಿಡನ್
1985 ಫೆಬ್ರುವರಿ 12

ಅಪ್ಪ,

ಎರಡು ದಿನ ಉತ್ತರ ಬರೆಯಬಾರದು ಎಂದುಕೊಂಡೆ. ಆದರೆ ನೀನು ಬಿಡುವವನಲ್ಲ, ಇನ್ನೊಬ್ಬರನ್ನು ಕೇಳುತ್ತೀಯ, ಅವರು ಮತ್ತೊಬ್ಬರನ್ನು ಕೇಳುತ್ತಾರೆ. ಅದಕ್ಕಿಂತ ನಾನೇ ಹೇಳುವುದು ಮೇಲು.

ಅವನಿಗೆ ಎಡಗಿವಿ ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಹೋದದ್ದು, ಚೂರೂ ಕೇಳುವುದಿಲ್ಲ. ಎಡ ಅಂಚಿನಲ್ಲಿ ನಿಂತರೆ ಕ್ವಾರ್ಟರ್‌ಬ್ಯಾಕ್ ಬಲಗಡೆ ಇರುತ್ತಾನೆ, ಕೂಗಿದ್ದು ಕೇಳುತ್ತದೆ. ವೈದ್ಯರು ಎದುರು ನಿಂತು ಪಿಸುಗುಟ್ಟಿದರೆ ತುಟಿ ನೋಡಿ ಉತ್ತರ ಕೊಡುತ್ತಾನೆ. ಅವನ ಕೋಚ್‌ಗೂ ಗೊತ್ತಿಲ್ಲ. ನನ್ನ ಹತ್ತಿರ ಪಾಠಕ್ಕೆ ಕೂರುವಾಗ ಪ್ರತಿ ಸಲ ಕುರ್ಚಿ ಬದಲಾಯಿಸುತ್ತಿದ್ದ, ನಾನು ರೇಗಿಸಿದೆ, ಆಗ ಹೇಳಿದ. "ನಿಂಗೆ ಮಾತ್ರ" ಎಂದ.

ನಾನು ಆ ಮಾತು ಮುರಿದು ನಿನಗೆ ಹೇಳುತ್ತಿದ್ದೇನೆ. ಇದು ವರದಿಗೆ ಹೋಗಬಾರದು, ಗಸ್ ಕಿವಿಗೆ ಬೀಳಬಾರದು. ನನಗೆ ಮಾತು ಕೊಡು. ಅಪ್ಪನಿಗೆ ಹೇಳಿದ್ದೇನೆ, ಸ್ಕೌಟ್‌ಗೆ ಹೇಳಿಲ್ಲ.

ಪೌಲಾ


ಮನೆಯಿಂದ
1985 ಫೆಬ್ರುವರಿ 24

ಮಗಳೇ,

ಮಾತು ಕೊಟ್ಟಿದ್ದೇನೆ. ವರದಿಯಲ್ಲಿ ಬರೆದಿಲ್ಲ.

ಆದರೆ ಈಗ ಪಕ್ಷ ಬದಲಾಯಿಸುವ ಸರದಿ ನನ್ನದು. ಬೋಡೆನ್‌ನನ್ನೇ ತೆಗೆದುಕೊಳ್ಳಲಿ ಎನ್ನುತ್ತೇನೆ. ಕೋಪ ಮಾಡಿಕೊಳ್ಳದೆ ಪೂರ್ತಿ ಓದು. ನಮ್ಮ ಕ್ವಾರ್ಟರ್‌ಬ್ಯಾಕ್ ಎಲ್ಲರೂ ಸಾಲಿನಲ್ಲಿ ನಿಂತ ಮೇಲೆ ಎದುರಾಳಿಗಳನ್ನು ನೋಡಿ, ಕೂಗಿ ಆಟ ಬದಲಿಸುವ ಜಾತಿಯವನು. ನಮ್ಮ ಕೋಚ್ ರಿಸೀವರುಗಳನ್ನು ಎಡಕ್ಕೂ ಬಲಕ್ಕೂ ಆಡಿಸಿಯೇ ಆಡಿಸುತ್ತಾನೆ. ರೂಫಸ್ ಬಲಕ್ಕೆ ಹೋದ ದಿನ ಕೂಗು ಕೇಳುವುದಿಲ್ಲ; ಅವನೊಂದು ಕಡೆ ಓಡುತ್ತಾನೆ, ಚೆಂಡು ಇನ್ನೊಂದು ಕಡೆ ಹೋಗುತ್ತದೆ. ಅದಾದರೂ ಪರವಾಗಿಲ್ಲ. ಎಡಗಡೆಯಿಂದ ನುಗ್ಗಿ ಬರುವವನನ್ನು ನೋಡಿ ನಮ್ಮವರು 'ಹುಷಾರು' ಎಂದು ಕೂಗುತ್ತಾರೆ. ಅವನಿಗೆ ಅದು ಕೇಳುವುದಿಲ್ಲ. ಇಲ್ಲಿನವರು ಕಾಲೇಜು ಹುಡುಗರಲ್ಲ, ಮೂಳೆ ಮುರಿಯುವವರು.

ಇನ್ನೊಂದು ದಾರಿ ಇದೆ. ನಾನು ಗಸ್‌ಗೆ ಹೇಳಲು ಬಿಡು. ಹೇಳಿದರೆ ಅವನನ್ನು ಎಡಕ್ಕೇ ಇಟ್ಟುಕೊಳ್ಳಬಹುದು, ಕೈಸನ್ನೆ ಕಲಿಸಬಹುದು. ಬೇಡ ಎನ್ನಲೂಬಹುದು, ಸುಳ್ಳು ಹೇಳುವುದಿಲ್ಲ.

ನಮ್ಮಲ್ಲಿ ಒಂದು ರೂಢಿ ಇದೆ, ನಿನಗೆ ನೆನಪಿರಬೇಕು. ಹಲಗೆಯ ಮೇಲೆ ಹುಡುಗರ ಹೆಸರುಗಳಿರುತ್ತವೆ. ಪ್ರತಿ ಸ್ಕೌಟ್ ವರ್ಷಕ್ಕೊಂದು ಸಲ ಒಂದು ಹೆಸರಿನ ಪಕ್ಕ ಕೆಂಪು ಪಿನ್ನು ಚುಚ್ಚಬಹುದು. ಚುಚ್ಚಿದರೆ ಆ ಹುಡುಗನಿಗೆ ಅವನೇ ಹೊಣೆ, ಆಮೇಲೆ ಯಾರೂ ಎದುರಾಡುವುದಿಲ್ಲ. ಆದರೆ ಚುಚ್ಚುವ ಮೊದಲು ಗಸ್ ಎಲ್ಲರ ಎದುರು ಒಂದು ಪ್ರಶ್ನೆ ಕೇಳುತ್ತಾನೆ: "ನಮಗೆ ಗೊತ್ತಿಲ್ಲದ್ದು ನಿನಗೇನಾದ್ರೂ ಗೊತ್ತಾ?" ಆ ಪ್ರಶ್ನೆಗೆ ನಾನು ಇವತ್ತಿನವರೆಗೆ ಸುಳ್ಳು ಹೇಳಿಲ್ಲ. ಪಿನ್ನಿಲ್ಲದೆ ರೂಫಸ್ ಬರುವುದಿಲ್ಲ, ಗಸ್ ತಲೆಯಲ್ಲಿ ಕುದುರೆಯೇ ಓಡುತ್ತಿದೆ.

ಯೋಚನೆ ಮಾಡಿ ಬರೆ.

ಅಪ್ಪ


ಮೆರಿಡನ್
1985 ಮಾರ್ಚ್ 10

ಅಪ್ಪ,

ಯೋಚನೆ ಮಾಡಿದೆ. ಬೇಡ.

ಹೇಳಿದರೆ ಬೇಡ ಎನ್ನಲೂಬಹುದು ಎಂದು ಬರೆದಿದ್ದೀಯ. ಎನ್ನಲೂಬಹುದು ಅಲ್ಲ, ಎಂದೇ ಎನ್ನುತ್ತಾರೆ. ಆಮೇಲೆ ನಿಮ್ಮ ಸ್ಕೌಟುಗಳೆಲ್ಲ ಒಂದೇ ಮೋಟೆಲಿನಲ್ಲಿ ಒಂದೇ ಕಾಫಿ ಕುಡಿಯುವವರು, ಬೇರೆ ತಂಡಗಳಿಗೂ ಗೊತ್ತಾಗುತ್ತದೆ. ಎಂಟು ವರ್ಷದವನಿದ್ದಾಗಿನಿಂದ ಒಬ್ಬ ಹುಡುಗ ಕಾಪಾಡಿಕೊಂಡು ಬಂದದ್ದು ಒಂದು ವಾರದಲ್ಲಿ ಮುಗಿಯುತ್ತದೆ. ಅವನಿಗೆ ಗೊತ್ತಾಗುತ್ತದೆ, ಹೇಳಿದವಳು ನಾನು ಎಂದು. ಈ ಊರಿನಲ್ಲಿ ನನಗಿರುವ ಸ್ನೇಹಿತ ಅವನೊಬ್ಬನೇ ಅಪ್ಪ. ಬೇರೆ ಯಾರೂ ಇಲ್ಲ, ಲೆಕ್ಕ ಹಾಕಿ ನೋಡಿದೆ.

ನೀನು ಹೇಳಿದ ಅಪಾಯಗಳು ನನಗೆ ಅರ್ಥವಾಗುತ್ತವೆ. ಅವನು ಹುಷಾರಿ, ನಿಭಾಯಿಸುತ್ತಾನೆ. ಇಷ್ಟು ದಿನ ನಿಭಾಯಿಸಿಲ್ಲವಾ?

ಪಿನ್ನು ಚುಚ್ಚು. ಗಸ್ ಕೇಳಿದಾಗ ಇಲ್ಲ ಎನ್ನು. ಹುಟ್ಟಿದಾಗಿನಿಂದ ನಿನ್ನನ್ನು ನಾನು ಏನೂ ಕೇಳಿಲ್ಲ, ಕೇಳಿದ್ದು ಸಿಕ್ಕೂ ಇಲ್ಲ. ಇದೊಂದು ಕೇಳುತ್ತಿದ್ದೇನೆ. ಇದೂ ಆಗದಿದ್ದರೆ ಬರೆಯುವುದನ್ನು ನಿಲ್ಲಿಸು. ನಾನೂ ನಿಲ್ಲಿಸುತ್ತೇನೆ.

ಪೌಲಾ


ಮನೆಯಿಂದ
1985 ಮೇ 1

ಪೌಲಾ,

ಇಷ್ಟರಲ್ಲಿ ಪತ್ರಿಕೆಯಲ್ಲಿ ನೋಡಿರುತ್ತೀಯ. ಆದರೂ ನಡೆದದ್ದನ್ನು ಬರೆಯುತ್ತೇನೆ.

ಬೆಳಗ್ಗೆಯಿಂದ ಕೋಣೆ ತುಂಬ ಸಿಗಾರಿನ ಹೊಗೆ, ಡೋನಟ್ಟಿನ ಡಬ್ಬಿಗಳು. ಗಸ್ ತೋಳು ಮಡಿಸಿಕೊಂಡು ಬೋಡೆನ್ ಹೆಸರನ್ನು ಹಲಗೆಯ ಮೇಲಕ್ಕೆ ಸರಿಸಿದ. "ಏನಂತೀಯಾ ಎಮಿಲ್? ನಿನ್ನ ಆಮೆ ಎಲ್ಲಿ?" ಎಂದ. ಎಲ್ಲರೂ ನಕ್ಕರು. ನಾನು ಎದ್ದು ಹೋಗಿ ಪಿನ್ನಿನ ಡಬ್ಬಿಗೆ ಕೈ ಹಾಕಿದೆ. ನಗು ನಿಂತಿತು. ಎಷ್ಟೋ ವರ್ಷದಿಂದ ನಾನು ಆ ಡಬ್ಬಿ ಮುಟ್ಟಿರಲಿಲ್ಲ.

"ಕೂತ್ಕೊಂಡು ಯೋಚ್ನೆ ಮಾಡೋ ಮಾರಾಯಾ" ಎಂದ ಗಸ್.

"ಮಾಡಿದೀನಿ."

"ಸರಿ ಹಾಗಾದ್ರೆ. ನಮಗೆ ಗೊತ್ತಿಲ್ಲದ್ದು ನಿನಗೇನಾದ್ರೂ ಗೊತ್ತಾ?"

"ಇಲ್ಲ ಗಸ್. ಎಲ್ಲಾ ವರದಿಯಲ್ಲಿದೆ."

ಅಷ್ಟೇ. ನಮ್ಮ ಸರದಿ ಬಂದಾಗ, ಡ್ರಾಫ್ಟ್ ನಡೆಯುತ್ತಿದ್ದ ನ್ಯೂಯಾರ್ಕಿಗೆ ಫೋನಿನಲ್ಲಿ ರೂಫಸ್ ಹೆಸರು ಹೇಳಿದರು. ಮುಂದಿನ ಸರದಿಯವರು ಬೋಡೆನ್‌ನನ್ನು ಎತ್ತಿಕೊಂಡರು. ನಾನು ಹೊರಗೆ ಹೋಗಿ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಗೆದ್ದವನಿಗೆ ಆಗಬೇಕಾದ್ದು ಏನೂ ಆಗಲಿಲ್ಲ. ನೀನು ಕಾಗದ ಓದುವಾಗ ಖುಷಿ ಪಡುತ್ತೀಯ ಎಂದು ಯೋಚಿಸಿದೆ, ಆಗ ಪರವಾಗಿಲ್ಲ ಎನ್ನಿಸಿತು.

ಅಪ್ಪ


ಮೆರಿಡನ್
1985 ಮೇ 8

ಅಪ್ಪಾ!

ಅವನು ಗ್ರಂಥಾಲಯದಲ್ಲೇ ನನ್ನನ್ನು ಎತ್ತಿ ತಿರುಗಿಸಿದ. ಗ್ರಂಥಪಾಲಕಿ ಇಬ್ಬರನ್ನೂ ಹೊರಗೆ ಹಾಕಿದಳು. "ನಿಮ್ಮಪ್ಪನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ಬೇಕು" ಎನ್ನುತ್ತಿದ್ದಾನೆ. ಅವನ ಅಮ್ಮ ಫೋನಿನಲ್ಲಿ ಅಳುತ್ತಲೇ ಇದ್ದರಂತೆ.

ನೀನು ಮಾತು ಉಳಿಸಿಕೊಂಡೆ. ನಾನು ನಂಬಿರಲಿಲ್ಲ, ನಿಜ ಹೇಳುತ್ತೇನೆ.

ಹದಿನೆಂಟಕ್ಕೆ ನನ್ನ ಪದವಿ ಸಮಾರಂಭ. ಬರಲೇಬೇಕು ಎಂದಲ್ಲ. ಕುರ್ಚಿ ಇಟ್ಟಿರುತ್ತೇನೆ.

ಪೌಲಾ


ತಂಡದ ತರಬೇತಿ ಶಿಬಿರದಿಂದ
1985 ಜುಲೈ 27

ಪೌಲಾ,

ಪಿಯೋರಿಯಾದ ಕೋಣೆ ಹೇಗಿದೆ? ಶಾಲೆಯವರು ನಿನಗೆ ಪಾಠ ಮಾಡಲು ಏಳನೇ ತರಗತಿ ಕೊಟ್ಟರಾ, ಎಂಟನೆಯದಾ? ಸಮಾರಂಭದ ದಿನ ಹೆಚ್ಚು ಮಾತಾಡಲಾಗಲಿಲ್ಲ. ನಿನ್ನ ಹೆಸರು ಕೂಗಿದಾಗ ಎದ್ದು ನಿಂತಿದ್ದೆ, ಹಿಂದಿನವನು ಕೂರಿ ಎಂದು ಬೈದ, ನೀನು ನೋಡಿದೆಯೋ ಇಲ್ಲವೋ.

ರೂಫಸ್ ಎಲ್ಲರ ಬಾಯಲ್ಲೂ ಇದ್ದಾನೆ. ಚೆಂಡು ಅವನ ಕೈಗೆ ಅಂಟಿಕೊಳ್ಳುತ್ತದೆ. ಗಸ್ ನನ್ನ ಬೆನ್ನು ತಟ್ಟಿ, "ಆಮೆ ಅಂದಿದ್ದಕ್ಕೆ ಕ್ಷಮಿಸಪ್ಪಾ" ಎಂದ.

ಸೋಮವಾರದಿಂದ ಕೋಚ್ ಅವನನ್ನು ಬಲಗಡೆಗೆ ಹಾಕುತ್ತಿದ್ದಾನೆ. ನಿನ್ನೆ ಎರಡು ಸಲ ಕೂಗು ಕೇಳಲಿಲ್ಲ. ಹೊಸಬ, ಗಲಿಬಿಲಿ ಎಂದುಕೊಂಡರು. ಅವನು ನನ್ನ ಕಡೆ ನೋಡುವುದೇ ಇಲ್ಲ. ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿಲ್ಲವಲ್ಲ. ಆದರೆ ಆ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ಇನ್ನೊಂದೇ ಸಲ ಕೇಳುತ್ತೇನೆ. ಹೇಳಿಬಿಡಲಾ?

ಅಪ್ಪ


ಪಿಯೋರಿಯಾ, ಇಲಿನಾಯ್
1985 ಆಗಸ್ಟ್ 1

ಅಪ್ಪ,

ಬೇಡ. ಅವನು ನನಗೆ ಫೋನ್ ಮಾಡಿದ್ದ, ಕಷ್ಟವಾಗುತ್ತಿದೆ ಆದರೆ ಕಲಿಯುತ್ತಿದ್ದೇನೆ ಎಂದ. ಎಷ್ಟು ಆಸೆಯಿಂದ ಹೇಳಿದ ಗೊತ್ತಾ? ದಯವಿಟ್ಟು ಬೇಡ.

ಪೌಲಾ


ಮನೆಯಿಂದ
1985 ಆಗಸ್ಟ್ 24

ಪೌಲಾ,

ರೂಫಸ್ ವಿಷಯ ಪತ್ರಿಕೆಯಲ್ಲಿ ಬಂದಿದೆ, ನೋಡಿರುತ್ತೀಯ. ಅಭ್ಯಾಸ ಪಂದ್ಯದಲ್ಲಿ ಡಿಕ್ಕಿಯಾಗಿ ಕತ್ತಿನ ಹತ್ತಿರದ ಮೂಳೆ ಮುರಿಯಿತು. ಕೂಡಿಕೊಳ್ಳುತ್ತದೆ, ನಾನು ಆಸ್ಪತ್ರೆಗೆ ಹೋಗಿ ನೋಡಿದೆ, ಹೆದರಬೇಡ. ಕಿವಿಯ ವಿಷಯ ವೈದ್ಯರಿಗೆ ಗೊತ್ತಾಯಿತು. ತಂಡ ಅವನನ್ನು ಬಿಟ್ಟಿತು.

ನಾನೂ ಕೆಲಸ ಬಿಟ್ಟೆ. ಮಂಡಿ ನೋವು, ಅಷ್ಟು ದೂರ ಕಾರು ಓಡಿಸಲಾಗುವುದಿಲ್ಲ. ಹೊಸ ಹುಡುಗರು ಕಂಪ್ಯೂಟರ್ ಎನ್ನುತ್ತಾರೆ, ನನಗೆ ಅದೆಲ್ಲ ಹಿಡಿಸುವುದಿಲ್ಲ. ಹೊತ್ತು ಹೋಗುತ್ತಿದೆ. ಕೆಳಗಿನ ಬೇಕರಿಯವನು ಬೆಳಗ್ಗೆ ಹಿಟ್ಟು ನಾದುವ ಯಂತ್ರ ಹಾಕಿದರೆ ಏಳುತ್ತೇನೆ. ಆಮೇಲೆ ಸಂಜೆಯವರೆಗೆ ಏನು ಮಾಡಬೇಕೆಂದು ತೋಚುವುದಿಲ್ಲ. ನಿನ್ನೆ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆ.

ಕಷ್ಟವೇನೆಂದರೆ, ಇನ್ನು ನಿನಗೆ ಬರೆಯಲು ನನ್ನ ಹತ್ತಿರ ಯಾವ ಹುಡುಗನೂ ಇಲ್ಲ. ಕಾಗದ ಎದುರಿಗೆ ಇಟ್ಟುಕೊಂಡು ಕೂತರೆ ಖಾಲಿ. ಅದಕ್ಕೆ ತಡವಾಯಿತು. ಮುಂದೆಯೂ ತಡವಾದರೆ ಬೇರೆ ಏನೂ ಅಂದುಕೊಳ್ಳಬೇಡ.

ಅಪ್ಪ


ಪಿಯೋರಿಯಾ
1985 ಸೆಪ್ಟೆಂಬರ್ 15

ಅಪ್ಪ,

ಮಂಡಿ ನೋವಂತೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಒಂದು ಸಲ ಹೇಳಿದ್ದಕ್ಕೇ ಇಷ್ಟೆಲ್ಲ ಆಯಿತು.

ನಿನ್ನೆ ರೂಫಸ್ ಬಂದಿದ್ದ. ಕೈಯನ್ನು ಬಟ್ಟೆಯ ಪಟ್ಟಿಯಲ್ಲಿ ಕತ್ತಿಗೆ ತೂಗುಹಾಕಿಕೊಂಡು, ಮುಂಚಿಗಿಂತ ತೆಳ್ಳಗಾಗಿ. ಅವತ್ತು ಏನಾಯಿತೆಂದು ಪೂರ್ತಿ ಹೇಳಿದ. ಬಲಗಡೆ ನಿಂತಿದ್ದನಂತೆ. ಕ್ವಾರ್ಟರ್‌ಬ್ಯಾಕ್ ಆಟ ಬದಲಿಸಿ ಕೂಗಿದ್ದು ಕೇಳಲಿಲ್ಲವಂತೆ, ಹಳೆಯ ದಾರಿಯಲ್ಲೇ ಓಡಿ ಸೀದಾ ತನ್ನ ತಂಡದವನೊಬ್ಬನಿಗೇ ಗುದ್ದಿದನಂತೆ. ಅಂಚಿನಲ್ಲಿ ನಿಂತಿದ್ದವರೆಲ್ಲ 'ನಿಲ್ಲು ನಿಲ್ಲು' ಎಂದು ಕಿರುಚುತ್ತಿದ್ದರಂತೆ. ಚಿಕಿತ್ಸೆ ಕೋಣೆಯಲ್ಲಿ ಮಂಚದ ಮೇಲೆ ಮಲಗಿದ್ದಾಗ ಗಸ್ ನಿನ್ನನ್ನು ಅಲ್ಲಿಗೇ ಕರೆಸಿದನಂತೆ.

"ಪೌಲಾ, ಆ ಗಸ್ ಕೆಟ್ಟವನಲ್ಲ" ಎಂದ ರೂಫಸ್. "'ಎಮಿಲ್, ನಿಂಗೂ ಗೊತ್ತಿರ್ಲಿಲ್ಲ ತಾನೆ? ಹೇಳ್ಬಿಡು, ಇಲ್ಲಿಗೇ ಮುಗಿಸೋಣ' ಅಂದ. ಉತ್ತರಾನ ಬಾಯಿಗೇ ಇಟ್ಟ. ಗೊತ್ತಿರ್ಲಿಲ್ಲ ಅಂದಿದ್ರೆ ಆಗೋಗ್ತಿತ್ತು. ನಿಮ್ಮಪ್ಪ ನನ್ನ ಕಡೆ ನೋಡಿದ್ರು. 'ಗೊತ್ತಿತ್ತು' ಅಂದ್ರು. ಯಾರು ಹೇಳಿದ್ರು, ಯಾಕೆ ಮುಚ್ಚಿಟ್ಟೆ ಅಂತ ಎಷ್ಟು ಕಿರುಚಾಡಿದ್ರೂ ಬಾಯಿ ಬಿಡ್ಲಿಲ್ಲ. ಅಲ್ಲೇ ಕೆಲಸದಿಂದ ತೆಗೆದ್ರು. ಕುತ್ತಿಗೆಯಿಂದ ಸ್ಟಾಪ್‌ವಾಚ್ ಬಿಚ್ಚಿ ಮೇಜಿನ ಮೇಲಿಟ್ಟು ಹೋದ್ರು."

ಆಮೇಲೆ ನನ್ನನ್ನೇ ನೋಡುತ್ತ, "ಅವ್ರಿಗೆ ಹೇಗೆ ಗೊತ್ತಾಯ್ತೋ ದೇವ್ರಿಗೇ ಗೊತ್ತು" ಎಂದ.

ನಾನು ಹೇಳಿದೆ, ಅಪ್ಪ. ನಾನೇ ಬರೆದದ್ದು ಎಂದೆ, ನೀನು ಹೇಳುತ್ತೇನೆ ಎಂದಾಗ ಎರಡು ಸಲ ತಡೆದದ್ದೂ ನಾನೇ ಎಂದೆ. ಅವನು ಕಿಟಕಿಯ ಹತ್ತಿರ ಹೋಗಿ ನಿಂತ, ನನಗೆ ಎಡಗಿವಿ ತಿರುಗಿಸಿಕೊಂಡು. ನನ್ನನ್ನು ಅಳುವಷ್ಟು ಹೊತ್ತು ಅಳಲು ಬಿಟ್ಟ. ಕೊನೆಗೆ, "ಮೂರು ಜನ ಸೇರ್ಕೊಂಡು ಒಂದು ಕಿವಿ ಮುಚ್ಚಿಡಕ್ಕಾಗ್ಲಿಲ್ವಲ್ಲ ನಮ್ಮ ಯೋಗ್ಯತೆಗೆ" ಎಂದ. ನಗಲು ನೋಡಿದ, ಆಗಲಿಲ್ಲ. ತನ್ನ ಊರಿನ ಶಾಲೆಯಲ್ಲಿ ಕೆಲಸ ಕೇಳಿದ್ದಾನಂತೆ. ಬಸ್ಸಿಗೆ ಬಿಟ್ಟು ಬಂದೆ. ಇನ್ನು ನನ್ನ ಜೊತೆ ಮೊದಲಿನ ಹಾಗೆ ಇರುತ್ತಾನೋ ಇಲ್ಲವೋ ಗೊತ್ತಿಲ್ಲ.

ನೀನು ಹೇಳಿದ್ದೇ ಸರಿಯಾಗಿತ್ತು. ಎಡಕ್ಕೆ ಇಡಬಹುದು, ಕೈಸನ್ನೆ ಕಲಿಸಬಹುದು ಎಂದಿದ್ದೆ. ಆಗುತ್ತಿತ್ತೋ ಏನೋ. ನಿನಗೆ ಅಷ್ಟು ಚೆನ್ನಾಗಿ ಗೊತ್ತಿದ್ದೂ ನನ್ನ ಮಾತು ಯಾಕೆ ಕೇಳಿದೆ? ಎಷ್ಟೊಂದು ಸಲ ಕೇಳಬೇಕಿತ್ತು, ಆಗೆಲ್ಲ ಬಿಟ್ಟು, ಕೇಳಬಾರದ ಈ ಒಂದು ಮಾತನ್ನೇ ಯಾಕೆ ಕೇಳಿದೆ?

ಮಾತು ಕೇಳದ ಅಪ್ಪನಿಗೆ ಏನೇನು ಅನ್ನಬೇಕೆಂದು ಮೂರು ವರ್ಷದಿಂದ ತಯಾರು ಮಾಡಿಕೊಂಡಿದ್ದೆ. ಸ್ನಾನ ಮಾಡುವಾಗ, ನಡೆಯುವಾಗ ಹೇಳಿಕೊಂಡು ಹೇಳಿಕೊಂಡು ಬಾಯಿಪಾಠವಾಗಿದೆ. ಮಾತು ಕೇಳಿ ಕೆಲಸ ಕಳೆದುಕೊಂಡ ಅಪ್ಪನಿಗೆ ಏನನ್ನಬೇಕೋ ನನಗೆ ಗೊತ್ತಾಗುತ್ತಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ, ಸಂಜೆ ತಲುಪುತ್ತದೆ. ನಿಲ್ದಾಣಕ್ಕೆ ಬಾ. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚದಿದ್ದರೆ ಸುಮ್ಮನೆ ಕೂತಿರೋಣ.

ನಿನ್ನ ಮಗಳು,
ಪೌಲಾ